ಆರೋಗ್ಯ ಸಂಶೋಧನೆಯ ಆದ್ಯತೆ ನಿರ್ಣಯದಲ್ಲಿ ರೋಗಿಗಳ ಪಾಲು

ಒಂದು ಕಾಯಿಲೆಯ ಬಗ್ಗೆ ಯಾವ ಪ್ರಶ್ನೆಯನ್ನು ಮೊದಲು ಸಂಶೋಧನೆಗೆ ಎತ್ತಿಕೊಳ್ಳಬೇಕು ಎಂಬುದನ್ನು ಆ ಕಾಯಿಲೆ ಇರುವವರು, ಅವರನ್ನು ಮನೆಯಲ್ಲಿ ನೋಡಿಕೊಳ್ಳುವವರು ಮತ್ತು ಅವರಿಗೆ ಚಿಕಿತ್ಸೆ ಕೊಡುವ ವೈದ್ಯರು, ದಾದಿಯರು, ಫಿಸಿಯೋಥೆರಪಿಸ್ಟರು ಒಟ್ಟಿಗೆ ಕೂತು ತೀರ್ಮಾನಿಸುವ ಪದ್ಧತಿ. ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಈ ತೀರ್ಮಾನ ಬಹುಪಾಲು ಸಂಶೋಧಕರು, ಅನುದಾನ ಕೊಡುವ ಸಂಸ್ಥೆಗಳು ಮತ್ತು ಔಷಧ ಕಂಪನಿಗಳ ಕೈಯಲ್ಲಿತ್ತು. ರೋಗಿ ಪ್ರಯೋಗಕ್ಕೆ ಒಳಗಾಗಬಹುದು, ಪ್ರಶ್ನೆ ಆರಿಸುವುದು ಅವನ ಕೆಲಸವಲ್ಲ ಎಂಬುದು ಯಾರೂ ಬಾಯಿಬಿಟ್ಟು ಹೇಳದ ನಿಯಮವಾಗಿತ್ತು. ಆ ನಿಯಮವನ್ನು ಮುರಿದು, ಹೊಸ ಪದ್ಧತಿಗೆ ಒಂದು ಕ್ರಮ ಕೊಟ್ಟು, ನೂರಕ್ಕೂ ಹೆಚ್ಚು ಆರೋಗ್ಯ ಸಮಸ್ಯೆಗಳಲ್ಲಿ ಅದನ್ನು ನಡೆಸಿ ತೋರಿಸಿದ್ದು ಬ್ರಿಟನ್ನಿನ ಜೇಮ್ಸ್ ಲಿಂಡ್ ಅಲೈಯನ್ಸ್. ಈ ಲೇಖನ ಮುಖ್ಯವಾಗಿ ಅದರ ಕೆಲಸವನ್ನು ಕುರಿತದ್ದು. ಬೇರೆ ಪದ್ಧತಿಗಳನ್ನೂ ಭಾರತದ ಸ್ಥಿತಿಯನ್ನೂ ಕೊನೆಗೆ ಸಂಕ್ಷೇಪವಾಗಿ ನೋಡಲಾಗಿದೆ.

ಹಿನ್ನೆಲೆ

ಮಂಡಿಯ ಕೀಲುಸವೆತ ವಯಸ್ಸಾದವರಿರುವ ಮನೆಗಳಿಗೆಲ್ಲ ಗೊತ್ತಿರುವ ಕಾಯಿಲೆ. ಇದರ ಮೇಲೆ ನಡೆದ ಸಂಶೋಧನೆಗೂ ಅದನ್ನು ಅನುಭವಿಸುವವರಿಗೆ ಬೇಕಾದದ್ದಕ್ಕೂ ಎಷ್ಟು ತಾಳೆಯಾಗುತ್ತದೆ ಎಂದು ಇಂಗ್ಲೆಂಡಿನ ಬ್ರಿಸ್ಟಲ್‌ನ ಟ್ಯಾಲನ್, ಚಾರ್ಡ್ ಮತ್ತು ಡಿಯೆಪ್ ಹೋಲಿಸಿ ನೋಡಿದರು. ಅವರ ಲೇಖನ 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಪ್ರಕಟವಾದ ಅಧ್ಯಯನಗಳಲ್ಲಿ ಔಷಧಗಳದ್ದೇ ಮೇಲುಗೈ. ರೋಗಿಗಳು ಕೇಳಿದ್ದು ಬೇರೆ: ಫಿಸಿಯೋಥೆರಪಿಯಿಂದ ಎಷ್ಟು ಉಪಯೋಗ, ಮಂಡಿ ಬದಲಾಯಿಸುವ ಆಪರೇಷನ್ ಯಾರಿಗೆ ಒಳ್ಳೆಯದು, ನೋವಿಟ್ಟುಕೊಂಡು ದಿನ ಕಳೆಯುವುದನ್ನು ಯಾರಾದರೂ ಕಲಿಸಬಹುದೇ. ಇನ್ನೊಂದು ಮಾತ್ರೆಯ ಪರೀಕ್ಷೆ ಬೇಕು ಎಂದವರು ಅವರಲ್ಲಿ ತೀರ ಕಡಿಮೆ. ಪೇಟೆಂಟ್ ಮಾಡಲಾಗದ ವ್ಯಾಯಾಮಕ್ಕೆ ಹಣ ಹೂಡುವ ಕಂಪನಿ ಇರುವುದಿಲ್ಲ ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಸರ್ಕಾರದ ಹಣದಿಂದ ನಡೆಯುವ ಸಂಶೋಧನೆಯೂ ಅದೇ ದಾರಿ ಹಿಡಿದಿದ್ದೇಕೆ ಎಂಬುದಕ್ಕೆ ಸುಲಭದ ಉತ್ತರವಿಲ್ಲ.

2009ರಲ್ಲಿ ಇಯಾನ್ ಚಾಮರ್ಸ್ ಮತ್ತು ಪಾಲ್ ಗ್ಲಾಸಿಯೋ ಅದೇ ಪತ್ರಿಕೆಯಲ್ಲಿ ಇನ್ನೂ ಖಾರವಾದ ಲೆಕ್ಕ ಮುಂದಿಟ್ಟರು. ವೈದ್ಯಕೀಯ ಸಂಶೋಧನೆಯ ಶೇ. 85ರಷ್ಟು ಹೂಡಿಕೆ ತಪ್ಪಿಸಬಹುದಾದ ಕಾರಣಗಳಿಂದ ವ್ಯರ್ಥವಾಗುತ್ತಿದೆ ಎಂಬುದು ಅವರ ಅಂದಾಜು. ಪೋಲಾಗುವ ನಾಲ್ಕು ಹಂತಗಳನ್ನು ಅವರು ಗುರುತಿಸಿದರು: ಯಾರಿಗೂ ಬೇಡದ ಪ್ರಶ್ನೆ, ದೋಷವಿರುವ ವಿನ್ಯಾಸ, ಫಲಿತಾಂಶವನ್ನು ಪ್ರಕಟಿಸದಿರುವುದು, ಪ್ರಕಟಿಸಿದರೂ ಬಳಸಲಾಗದಂತೆ ಬರೆಯುವುದು. ಗಮನಿಸಬೇಕಾದ್ದೆಂದರೆ, ಶೇ. 85 ಎಂಬ ಅಂಕಿ ಬಂದದ್ದು ಕೊನೆಯ ಮೂರು ಹಂತಗಳ ಲೆಕ್ಕದಿಂದ. ಮೊದಲ ಹಂತದ ನಷ್ಟ, ಅಂದರೆ ಚೆನ್ನಾಗಿ ನಡೆಸಿ, ಚೆನ್ನಾಗಿ ಬರೆದು, ಯಾರಿಗೂ ಬೇಕಿಲ್ಲದ ಉತ್ತರ ಕಂಡುಕೊಂಡ ಅಧ್ಯಯನಗಳ ನಷ್ಟ, ಅದರಲ್ಲಿ ಸೇರಿಯೇ ಇಲ್ಲ.

ಪ್ರಶ್ನೆ ಆರಿಸುವುದರಲ್ಲಿ ತಮಗೂ ಪಾಲಿದೆ ಎಂದು ರೋಗಿಗಳೇ ಗಟ್ಟಿಯಾಗಿ ಹೇಳಿದ್ದು ಏಡ್ಸ್ ಕಾಲದಲ್ಲಿ. 1983ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಸೇರಿದ ಏಡ್ಸ್ ಪೀಡಿತರು, ತಮ್ಮನ್ನು ಬಲಿಪಶುಗಳೆಂದು ಕರೆಯಬಾರದು, ತಮಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ತಮ್ಮನ್ನು ಸೇರಿಸಿಕೊಳ್ಳಬೇಕು ಎಂಬ ಹೇಳಿಕೆ ಹೊರಡಿಸಿದರು. ಆ ದಶಕದ ಕೊನೆಗೆ ‘ಆಕ್ಟ್ ಅಪ್’ ಸಂಘಟನೆಯವರು ಔಷಧ ನಿಯಂತ್ರಣ ಸಂಸ್ಥೆಯ ಕಚೇರಿಗೆ ಮುತ್ತಿಗೆ ಹಾಕಿದರು. ಮುಂದೆ ಔಷಧ ಪ್ರಯೋಗಗಳ ಸಮಿತಿಗಳಲ್ಲಿ ಅವರಿಗೆ ಕುರ್ಚಿ ಸಿಕ್ಕಿತು. ಇದಕ್ಕೆ ಹೋಲಿಸಿದರೆ 2002ರಲ್ಲಿ ಸಂಧಿವಾತದ ಕ್ಷೇತ್ರದಲ್ಲಿ ನಡೆದದ್ದು ಸದ್ದಿಲ್ಲದ ಬದಲಾವಣೆ. ಯಾವ ಚಿಕಿತ್ಸೆ ಫಲ ಕೊಟ್ಟಿತು ಎಂದು ಹೇಗೆ ಅಳೆಯಬೇಕು ಎಂಬುದನ್ನು ಚರ್ಚಿಸುವ ‘ಒಮೆರಾಕ್ಟ್’ ಎಂಬ ಅಂತರರಾಷ್ಟ್ರೀಯ ಸಭೆಗೆ ಮೊದಲ ಬಾರಿ ರೋಗಿಗಳನ್ನೂ ಕರೆದಿದ್ದರು. ವೈದ್ಯರು ಅದುವರೆಗೆ ಊದಿಕೊಂಡ ಕೀಲುಗಳನ್ನು ಎಣಿಸುತ್ತಿದ್ದರು, ರಕ್ತಪರೀಕ್ಷೆಯ ಅಂಕಿ ನೋಡುತ್ತಿದ್ದರು. ರೋಗಿಗಳು ಮುಂದಿಟ್ಟದ್ದು ಸುಸ್ತು. ಅಳತೆಯ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಮುಂದಿನ ವರ್ಷಗಳಲ್ಲಿ ಸಂಧಿವಾತದ ಪ್ರಯೋಗಗಳು ಅದನ್ನೂ ಅಳೆಯತೊಡಗಿದವು.

ಜೇಮ್ಸ್ ಲಿಂಡ್ ಅಲೈಯನ್ಸ್

2004ರಲ್ಲಿ ಮೂವರು ಸೇರಿ ಇದನ್ನು ಕಟ್ಟಿದರು. ಚಿಕಿತ್ಸೆಗಳ ಕುರಿತ ಪುರಾವೆಗಳನ್ನು ಒಟ್ಟುಗೂಡಿಸುವ ಕಾಕ್ರೇನ್ ಸಹಯೋಗದ ಸ್ಥಾಪಕರಲ್ಲಿ ಪ್ರಮುಖರಾದ ಇಯಾನ್ ಚಾಮರ್ಸ್ ಒಬ್ಬರು. ಎಚ್‌ಐವಿ ಪೀಡಿತರಿಗಾಗಿ ದುಡಿಯುವ ಟೆರೆನ್ಸ್ ಹಿಗಿನ್ಸ್ ಟ್ರಸ್ಟ್‌ನ ಮುಖ್ಯಸ್ಥರಾಗಿದ್ದ ನಿಕ್ ಪಾರ್ಟ್ರಿಜ್ ಇನ್ನೊಬ್ಬರು. ಮೂರನೆಯವರು ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನ ಜಾನ್ ಸ್ಕ್ಯಾಡಿಂಗ್. 2013ರಿಂದ ಇದರ ನಿರ್ವಹಣೆ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಸಂಸ್ಥೆಯ ಆಸರೆಯಲ್ಲಿ, ಸೌತಾಂಪ್ಟನ್‌ನಿಂದ ನಡೆದುಬಂದಿದೆ.

ಹೆಸರು ಬಂದದ್ದು ಸ್ಕಾಟ್ಲೆಂಡಿನ ನೌಕಾ ವೈದ್ಯ ಜೇಮ್ಸ್ ಲಿಂಡ್‌ನಿಂದ. 1747ರಲ್ಲಿ ‘ಸಾಲ್ಸ್‌ಬರಿ’ ಹಡಗಿನಲ್ಲಿ ಸ್ಕರ್ವಿ ಹಿಡಿದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ. ಒಂದು ಜೋಡಿಗೆ ಸೈಡರ್, ಒಂದಕ್ಕೆ ವಿನಿಗರ್, ಒಂದಕ್ಕೆ ಸಮುದ್ರದ ನೀರು, ಹೀಗೆ. ಕಿತ್ತಳೆ ಮತ್ತು ನಿಂಬೆಹಣ್ಣು ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. 1753ರಲ್ಲಿ ಅವನ ಪುಸ್ತಕ ಬಂತು. ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಎಲ್ಲರಿಗೂ ಕೊಡಲು ಹೊರಟದ್ದು 1795ರಲ್ಲಿ. ಆ ನಾವಿಕರನ್ನು ಲಿಂಡ್ ಏನೂ ಕೇಳಿರಲಿಲ್ಲ, ಯಾರಿಗೆ ಸಮುದ್ರದ ನೀರು ಎಂಬುದು ಅವನದ್ದೇ ತೀರ್ಮಾನ. ರೋಗಿಯನ್ನು ಕೇಳಬೇಕು ಎನ್ನುವ ಸಂಸ್ಥೆಗೆ ಅವನ ಹೆಸರಿಟ್ಟದ್ದು ಸ್ವಲ್ಪ ತಮಾಷೆಯೇ. ಆದರೂ ಅನುಮಾನವಿದ್ದಲ್ಲಿ ಅದನ್ನು ಒಪ್ಪಿಕೊಂಡು ನೇರವಾಗಿ ಪರೀಕ್ಷಿಸಿದ ಎಂಬ ಕಾರಣಕ್ಕೆ ಹೆಸರು ಒಪ್ಪುತ್ತದೆ.

ನಡೆಸುವ ಕ್ರಮ

ಒಂದು ಕಾಯಿಲೆಗೆ ಒಂದು ‘ಆದ್ಯತೆ ನಿರ್ಣಯ ಸಹಭಾಗಿತ್ವ’ ಹುಟ್ಟಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದು ರೋಗಿಗಳ ಸಂಘವೂ ಒಂದು ವೈದ್ಯರ ಸಂಘವೂ ಕೈಜೋಡಿಸಿ ಇದಕ್ಕೆ ಹಣ ಹೊಂದಿಸುತ್ತವೆ. ಉಸ್ತುವಾರಿ ಸಮಿತಿಯಲ್ಲಿ ರೋಗಿಗಳು, ಮನೆಯವರು, ಚಿಕಿತ್ಸಕರು ಸರಿಸಮವಾಗಿ ಇರಬೇಕು. ಲಿಂಡ್ ಅಲೈಯನ್ಸ್ ಕಳಿಸುವ ಸಲಹೆಗಾರರು ಯಾವ ಪಕ್ಷಕ್ಕೂ ಸೇರದೆ ಸಭೆ ನಡೆಸಿಕೊಡುತ್ತಾರೆ. ಔಷಧ ಕಂಪನಿಗಳಿಗೆ ಇಲ್ಲಿ ಪ್ರವೇಶವಿಲ್ಲ. ಚಿಕಿತ್ಸೆ ಕೊಡದೆ ಸಂಶೋಧನೆಯನ್ನಷ್ಟೇ ಮಾಡುವವರಿಗೂ ಮತವಿಲ್ಲ. ಅವರು ಕೂತು ಕೇಳಬಹುದು, ಪ್ರಶ್ನೆಗಳನ್ನು ಓರಣಗೊಳಿಸಲು ನೆರವಾಗಬಹುದು. ಈ ನಿಯಮಕ್ಕೆ ಸಂಶೋಧಕರಲ್ಲಿ ಗೊಣಗಾಟ ಇದ್ದೇ ಇದೆ. ಆದರೆ ಇದನ್ನು ಸಡಿಲಿಸಿದರೆ ಪದ್ಧತಿಯಲ್ಲಿ ಉಳಿಯುವುದು ಹೆಚ್ಚೇನಿಲ್ಲ.

ಮೊದಲ ಸಮೀಕ್ಷೆಯಲ್ಲಿ ಕೇಳುವುದು ಸರಳ: ಈ ಕಾಯಿಲೆಯ ಬಗ್ಗೆ ನಿಮಗೆ ಉತ್ತರ ಸಿಗದೆ ಉಳಿದ ಪ್ರಶ್ನೆ ಯಾವುದು? ನೂರಾರು, ಕೆಲವೊಮ್ಮೆ ಸಾವಿರಾರು ಉತ್ತರಗಳು ಬರುತ್ತವೆ. ಅರ್ಧ ವಾಕ್ಯಗಳು, ದೂರುಗಳು, ಒಂದೇ ಪ್ರಶ್ನೆಯ ಹತ್ತು ರೂಪಗಳು, ಕಾಯಿಲೆಗೆ ಸಂಬಂಧವೇ ಇಲ್ಲದ ಸಂಗತಿಗಳು, ಎಲ್ಲವೂ ಅದರಲ್ಲಿರುತ್ತವೆ. ಇವನ್ನು ವಿಂಗಡಿಸಿ, ಒಂದೇ ಜಾತಿಯವನ್ನು ಸೇರಿಸಿ, ಓದಿದರೆ ಅರ್ಥವಾಗುವ ಪ್ರಶ್ನೆಗಳನ್ನಾಗಿ ಬರೆಯಬೇಕು. ಆಮೇಲೆ ಪ್ರತಿಯೊಂದನ್ನೂ ಈಗಾಗಲೇ ಇರುವ ಕ್ರಮಬದ್ಧ ವಿಮರ್ಶೆಗಳೊಂದಿಗೆ, ಅಂದರೆ ಒಂದು ಪ್ರಶ್ನೆಯ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ ವರದಿಗಳೊಂದಿಗೆ, ತಾಳೆ ನೋಡಬೇಕು. ಇದು ಬೇಸರ ತರಿಸುವ, ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಉತ್ತರ ಆಗಲೇ ಇದ್ದರೆ ಆ ಪ್ರಶ್ನೆ ಪಟ್ಟಿಯಿಂದ ಹೊರಗೆ ಹೋಗುತ್ತದೆ. ಉತ್ತರವಿದ್ದರೂ ರೋಗಿಗೆ ಅದು ತಲುಪಿಲ್ಲ ಎಂಬುದು ಅಷ್ಟೇ ಮುಖ್ಯವಾದ ಸುದ್ದಿ, ಆದರೆ ಅದಕ್ಕೆ ಈ ಪದ್ಧತಿಯಲ್ಲಿ ಸಿಗುವ ಗಮನ ಕಡಿಮೆ. ಎರಡನೆಯ ಸಮೀಕ್ಷೆ ಪಟ್ಟಿಯನ್ನು ಇಪ್ಪತ್ತೈದರ ಆಸುಪಾಸಿಗೆ ಇಳಿಸುತ್ತದೆ.

ಕೊನೆಯ ದಿನದ ಕಾರ್ಯಾಗಾರ ಹತ್ತಿರದಿಂದ ನೋಡಬೇಕಾದದ್ದು. ಇಪ್ಪತ್ತು ಮೂವತ್ತು ಜನ ಸೇರುತ್ತಾರೆ. ಅವರನ್ನು ಮೂರೋ ನಾಲ್ಕೋ ಸಣ್ಣ ಗುಂಪು ಮಾಡುತ್ತಾರೆ. ಪ್ರತಿ ಗುಂಪಿನಲ್ಲೂ ರೋಗಿಗಳು, ಮನೆಯವರು, ಚಿಕಿತ್ಸಕರು ಬೆರೆತಿರುತ್ತಾರೆ. ಎಲ್ಲರೂ ಮನೆಯಿಂದಲೇ ತಮ್ಮ ತಮ್ಮ ಕ್ರಮ ಗುರುತು ಹಾಕಿಕೊಂಡು ಬಂದಿರುತ್ತಾರೆ. ಮೊದಲ ಸುತ್ತಿನಲ್ಲಿ ಒಬ್ಬೊಬ್ಬರೂ ತಮಗೆ ಅತಿ ಮುಖ್ಯವೆನಿಸಿದ ಮೂರು, ತೀರ ಕಡಿಮೆ ಮುಖ್ಯವೆನಿಸಿದ ಮೂರು ಪ್ರಶ್ನೆಗಳನ್ನು ಹೇಳಬೇಕು. ಆಗ ಬೇರೆಯವರು ನಡುವೆ ಬಾಯಿ ಹಾಕುವಂತಿಲ್ಲ. ಹಿರಿಯ ಪ್ರೊಫೆಸರಿಗೆ ಸಿಗುವಷ್ಟೇ ಹೊತ್ತು ಆಸ್ಪತ್ರೆಗೆ ಅಲೆದು ಸುಸ್ತಾದ ತಾಯಿಗೂ ಸಿಗುವುದು ಈ ಸುತ್ತಿನಿಂದ. ಆಮೇಲೆ ಒಂದೊಂದು ಪ್ರಶ್ನೆ ಬರೆದ ದೊಡ್ಡ ಕಾರ್ಡುಗಳನ್ನು ಮೇಜಿನ ಮೇಲೋ ನೆಲದ ಮೇಲೋ ಹರಡಿ, ಎಲ್ಲರೂ ನಿಂತು, ಮೇಲೆ ಕೆಳಗೆ ಸರಿಸುತ್ತಾರೆ. ಕಾರ್ಡಿನ ಹಿಂಬದಿಯಲ್ಲಿ ಸಮೀಕ್ಷೆಯಲ್ಲಿ ರೋಗಿಗಳು ಅದಕ್ಕೆ ಕೊಟ್ಟ ಸ್ಥಾನ, ಚಿಕಿತ್ಸಕರು ಕೊಟ್ಟ ಸ್ಥಾನ ಬರೆದಿರುತ್ತದೆ. ವಾದ ಬಿಸಿಯಾದಾಗ ಕಾರ್ಡು ತಿರುಗಿಸಿ ನೋಡಬಹುದು. ಎಲ್ಲ ಗುಂಪುಗಳ ಅಂಕಗಳನ್ನು ಕೂಡಿಸಿ, ಮಧ್ಯಾಹ್ನ ಗುಂಪುಗಳನ್ನು ಕಲಸಿ ಹೊಸದಾಗಿ ಮಾಡಿ ಮತ್ತೆ ಜೋಡಿಸುತ್ತಾರೆ. ಸಂಜೆಗೆ ಇಡೀ ಸಭೆ ಒಪ್ಪಿದ ಮೊದಲ ಹತ್ತು ಪ್ರಶ್ನೆಗಳ ಪಟ್ಟಿ ಸಿದ್ಧ. ಆರಂಭದಿಂದ ಇಲ್ಲಿಗೆ ಬರಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ.

ಈ ಕ್ರಮ ಎಲ್ಲ ಕಾಯಿಲೆಗೂ ಹೊಂದುವುದಿಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಇರುವವರು ಒಬ್ಬರಿಂದೊಬ್ಬರಿಗೆ ಅಪಾಯಕಾರಿ ಸೋಂಕು ಹರಡಬಹುದಾದ್ದರಿಂದ ಅವರು ಒಂದೇ ಕೋಣೆಯಲ್ಲಿ ಸೇರುವಂತಿಲ್ಲ. ಹಾಗಾಗಿ ನಾಟಿಂಗ್‌ಹ್ಯಾಮ್‌ನ ತಂಡ ಅಂತರ್ಜಾಲವನ್ನೇ ನೆಚ್ಚಿಕೊಂಡು ಕೆಲಸ ಮಾಡಬೇಕಾಯಿತು. ಆ ಪಟ್ಟಿಯಲ್ಲಿ ಮೊದಲು ನಿಂತದ್ದು ಹೊಸ ಔಷಧದ ಬೇಡಿಕೆಯಲ್ಲ, ಈಗಿರುವ ಚಿಕಿತ್ಸೆಯ ಹೊರೆ ಇಳಿಸುವುದು ಹೇಗೆ ಎಂಬ ಪ್ರಶ್ನೆ. ದಿನಕ್ಕೆ ಗಂಟೆಗಟ್ಟಲೆ ಕಫ ತೆಗೆಸಿಕೊಳ್ಳುವ, ನೆಬ್ಯುಲೈಸರ್ ಹಿಡಿಯುವ, ಪ್ರತಿ ಊಟಕ್ಕೂ ಮಾತ್ರೆ ಎಣಿಸುವ ಬದುಕಿಗೆ ಇದಕ್ಕಿಂತ ಸಹಜವಾದ ಪ್ರಶ್ನೆ ಬೇರಿಲ್ಲ.

ಪಟ್ಟಿಗಳಲ್ಲಿ ಏನಿದೆ

ಮೊದಲ ಪಟ್ಟಿ ಬಂದದ್ದು 2007ರಲ್ಲಿ, ಆಸ್ತಮಾ ಕುರಿತು. ಸ್ಟಿರಾಯ್ಡ್ ಮತ್ತು ಇನ್ಹೇಲರುಗಳನ್ನು ವರ್ಷಗಟ್ಟಲೆ ಬಳಸಿದರೆ ಏನಾಗುತ್ತದೆ ಎಂಬ ಆತಂಕ ಅದರಲ್ಲಿ ಮುಂಚೂಣಿಯಲ್ಲಿತ್ತು. ಉಸಿರಾಟದ ವ್ಯಾಯಾಮದಿಂದ ಉಪಯೋಗವುಂಟೇ ಎಂಬುದೂ ಇತ್ತು. ಪ್ರಾಣಾಯಾಮದ ಮಾತು ಬಂದೊಡನೆ ಎರಡು ಪಕ್ಷವಾಗುವ ನಮಗೆ ಇದರ ಮುಂದಿನ ಕತೆ ಆಸಕ್ತಿಯದ್ದು. ಮನೆಯಲ್ಲೇ ಡಿವಿಡಿ ನೋಡಿ ಉಸಿರಾಟ ಕಲಿಯುವ ಪ್ರಯೋಗವೊಂದು ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಫಲಿತಾಂಶ ಬಂತು. ರೋಗಿಗಳ ಜೀವನದ ಗುಣಮಟ್ಟ ಸುಧಾರಿಸಿತು, ಶ್ವಾಸಕೋಶದ ಅಳತೆಗಳು ಇದ್ದಲ್ಲೇ ಇದ್ದವು. ಎರಡೂ ಪಕ್ಷದವರು ತಮಗೆ ಬೇಕಾದ ಅರ್ಧವನ್ನು ಎತ್ತಿಕೊಳ್ಳಬಹುದು.

ತೊನ್ನಿನ ಪಟ್ಟಿ ಈ ಪದ್ಧತಿಯ ಅತ್ಯುತ್ತಮ ಉದಾಹರಣೆ ಎಂದು ಹೇಳಬಹುದು. ಪ್ರಾಣಕ್ಕೆ ಅಪಾಯವಿಲ್ಲ ಎಂಬ ಕಾರಣಕ್ಕೆ ವೈದ್ಯರು ಕಡೆಗಣಿಸಿದ, ಸಮಾಜ ಮಾತ್ರ ಕಡೆಗಣಿಸದ ಕಾಯಿಲೆ ಅದು. ಮೊದಲ ಸಮೀಕ್ಷೆಗೆ 400ಕ್ಕೂ ಹೆಚ್ಚು ಜನ 600ಕ್ಕೂ ಹೆಚ್ಚು ಪ್ರಶ್ನೆ ಕಳಿಸಿದರು. 2011ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಬೆಳಕಿನ ಚಿಕಿತ್ಸೆಯನ್ನು ಸ್ಟಿರಾಯ್ಡ್ ಮುಲಾಮಿನೊಂದಿಗೆ ಸೇರಿಸಿದರೆ ಹೆಚ್ಚು ಫಲವೇ ಎಂಬುದಿತ್ತು, ಮನಶ್ಶಾಸ್ತ್ರೀಯ ನೆರವಿನ ಪ್ರಶ್ನೆಯೂ ಇತ್ತು. ಮೊದಲನೆಯದನ್ನು ಎತ್ತಿಕೊಂಡು ನಾಟಿಂಗ್‌ಹ್ಯಾಮ್‌ನ ಸಂಶೋಧಕರು ‘ಹೈ-ಲೈಟ್’ ಎಂಬ ಪ್ರಯೋಗ ನಡೆಸಿದರು. 517 ಜನ, ಮಕ್ಕಳೂ ಸೇರಿ, ಮನೆಯಲ್ಲೇ ಕೈಯಲ್ಲಿ ಹಿಡಿಯುವ ನೇರಳಾತೀತ ದೀಪ, ಮುಲಾಮು ಅಥವಾ ಎರಡನ್ನೂ ಬಳಸಿದರು. ಗೆಲುವನ್ನು ಅಳೆದದ್ದು ಹೀಗೆ: ಒಂಬತ್ತು ತಿಂಗಳ ಮೇಲೆ ಕಲೆ ಎಷ್ಟು ಎದ್ದು ಕಾಣುತ್ತದೆ ಎಂದು ರೋಗಿಯೇ ಹೇಳಬೇಕು. ‘ತುಂಬ ಕಡಿಮೆ ಕಾಣುತ್ತದೆ’ ಅಥವಾ ‘ಕಾಣುವುದೇ ಇಲ್ಲ’ ಎಂದರಷ್ಟೇ ಗೆಲುವು. ದೀಪ ಮತ್ತು ಮುಲಾಮು ಎರಡನ್ನೂ ಬಳಸಿದವರಲ್ಲಿ ಸುಮಾರು ಶೇ. 27, ಮುಲಾಮು ಮಾತ್ರ ಹಚ್ಚಿದವರಲ್ಲಿ ಸುಮಾರು ಶೇ. 17 ಜನ ಹಾಗೆಂದರು. ಚಿಕಿತ್ಸೆ ನಿಲ್ಲಿಸಿದ ಮೇಲೆ ಆ ಲಾಭ ಉಳಿಯುವುದಿಲ್ಲ ಎಂಬುದೂ ತಿಳಿಯಿತು. ಉತ್ತರ ಸಂಭ್ರಮಪಡುವಂಥದ್ದಲ್ಲ, ಆದರೆ ಕೇಳಿದವರಿಗೆ ಪ್ರಾಮಾಣಿಕ ಉತ್ತರ ಸಿಕ್ಕಿತು.

ಉಳಿದವನ್ನು ಬೇಗ ನೋಡಬಹುದು. ಒಂದನೆಯ ಬಗೆಯ ಮಧುಮೇಹದ ಪಟ್ಟಿಯಲ್ಲಿ ಸಕ್ಕರೆಯ ಮಟ್ಟವನ್ನು ಸತತವಾಗಿ, ನಿಖರವಾಗಿ ಅಳೆಯುವ ಸಾಧನ ಮೊದಲನೆಯದಾಗಿತ್ತು, ಕೃತಕ ಮೇದೋಜೀರಕ ಗ್ರಂಥಿಯೂ ಮೇಲಿನ ಸಾಲಿನಲ್ಲೇ ಇತ್ತು. 2023ರ ಕೊನೆಗೆ ಬ್ರಿಟನ್ನಿನ ಆರೋಗ್ಯ ಸೇವೆಯಲ್ಲಿ ಅಂಥ ಸ್ವಯಂಚಾಲಿತ ಇನ್ಸುಲಿನ್ ವ್ಯವಸ್ಥೆಗೆ ಶಿಫಾರಸು ಸಿಕ್ಕಿತು. ಪಟ್ಟಿಯಿಂದಲೇ ಹೀಗಾಯಿತು ಎಂದರೆ ಅತಿಶಯೋಕ್ತಿಯಾದೀತು. ಪಾರ್ಕಿನ್ಸನ್ ಕಾಯಿಲೆ ಎಂದರೆ ಹೊರಗಿನವರಿಗೆ ನೆನಪಾಗುವುದು ಕೈನಡುಕ. 2014ರ ಪಟ್ಟಿಯಲ್ಲಿ ಮೊದಲು ಬಂದದ್ದು ಆಯತಪ್ಪಿ ಬೀಳುವುದು, ಆಮೇಲೆ ಆತಂಕ. ನಿದ್ದೆಯ ತೊಂದರೆ, ಮೂತ್ರದ ತೊಂದರೆ ಕೂಡ ಹತ್ತರೊಳಗಿದ್ದವು. ಸ್ಕಿಜೋಫ್ರೇನಿಯಾ ಪಟ್ಟಿಯಲ್ಲಿ ಮದ್ದಿನಿಂದ ಬರುವ ಬೊಜ್ಜು ಮತ್ತು ಲೈಂಗಿಕ ತೊಂದರೆ ಸ್ಥಾನ ಪಡೆದವು. ಮನೋರೋಗಿಗೆ ಈ ಚಿಂತೆಯೂ ಇರಬಹುದೆಂದು ಚಿಕಿತ್ಸಾ ಕೊಠಡಿಯಲ್ಲಿ ಕೇಳುವವರು ವಿರಳ. ಕೆನಡಾದಲ್ಲಿ ಇದೇ ಮಾದರಿಯಲ್ಲಿ ಡಯಾಲಿಸಿಸ್ ರೋಗಿಗಳನ್ನು ಕೇಳಿದಾಗ ಮೈತುರಿಕೆಗೆ ಏನು ಮಾಡುವುದು ಎಂಬುದು ಮೊದಲ ಹತ್ತರಲ್ಲಿ ಬಂತು. ಇಸುಬು ಇರುವವರ ಪಟ್ಟಿಯಲ್ಲಿ ಮೈ ತೊಳೆದುಕೊಳ್ಳುವ ಸರಿಯಾದ ರೀತಿ ಯಾವುದು ಎಂಬ ಪ್ರಶ್ನೆಯಿತ್ತು. ದಿನಾ ಸ್ನಾನ ಮಾಡಿದರೆ ಚರ್ಮ ಒಣಗುತ್ತದೆ ಎಂದು ಕೆಲವು ವೈದ್ಯರು, ಮಾಡದಿದ್ದರೆ ಸೋಂಕು ಎಂದು ಕೆಲವರು. ಇತ್ತೀಚೆಗೆ ಬ್ರಿಟನ್ನಿನಲ್ಲಿ 400ಕ್ಕೂ ಹೆಚ್ಚು ಇಸುಬು ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ದಿನಾ ಸ್ನಾನಕ್ಕೂ ವಾರಕ್ಕೊಂದೆರಡು ಸ್ನಾನಕ್ಕೂ ವ್ಯತ್ಯಾಸ ಕಾಣಲಿಲ್ಲ.

ಈ ಬಿಡಿ ಉದಾಹರಣೆಗಳ ಹಿಂದೆ ಒಂದು ಒಟ್ಟು ಚಿತ್ರವಿದೆ. ಸ್ಯಾಲಿ ಕ್ರೋ ಮತ್ತು ಸಂಗಡಿಗರು 2015ರಲ್ಲಿ 14 ಪಟ್ಟಿಗಳನ್ನು ಪರಿಶೀಲಿಸಿದರು. ರೋಗಿಗಳೂ ಚಿಕಿತ್ಸಕರೂ ಆರಿಸಿದ ಚಿಕಿತ್ಸೆಗಳಲ್ಲಿ ಔಷಧದ ಪಾಲು ಶೇ. 18. ಅದೇ ಕಾಯಿಲೆಗಳಲ್ಲಿ ಸರ್ಕಾರ ಮತ್ತು ಧರ್ಮಾರ್ಥ ಸಂಸ್ಥೆಗಳ ಹಣದಿಂದ ನೋಂದಣಿಯಾದ ಪ್ರಯೋಗಗಳಲ್ಲಿ ಅದು ಶೇ. 37, ಕಂಪನಿಗಳ ಪ್ರಯೋಗಗಳಲ್ಲಿ ಶೇ. 86.

ಆಕ್ಷೇಪಗಳು

ಸಮೀಕ್ಷೆಗೆ ಉತ್ತರಿಸುವವರು ಯಾರು ಎಂಬುದು ಮೊದಲ ಆಕ್ಷೇಪ. ಓದುಬರಹ ಬಲ್ಲ, ಬಿಡುವಿರುವ, ಸಂಘದ ಸದಸ್ಯರಾಗಿರುವ ಬಿಳಿಯರು, ಅದರಲ್ಲೂ ಮಹಿಳೆಯರು, ಹೆಚ್ಚು ಪಾಲು ಪಡೆಯುತ್ತಾರೆ. ವಲಸೆ ಬಂದವರು, ಬಡವರು, ಕಾಯಿಲೆ ತೀರ ಉಲ್ಬಣಿಸಿದವರು ದೂರ ಉಳಿಯುತ್ತಾರೆ. ಸಂಘ ಗಟ್ಟಿಯಿರುವ ಕಾಯಿಲೆಗಷ್ಟೇ ಪಟ್ಟಿ ಹುಟ್ಟುತ್ತದೆ ಎಂಬುದು ಇದರ ಇನ್ನೊಂದು ಮುಖ.

ಎರಡನೆಯದು ಭಾಷೆಯ ಆಕ್ಷೇಪ. ರಾತ್ರಿಯೆಲ್ಲ ಕೆರೆದುಕೊಳ್ಳುವ ಮಗುವನ್ನು ನೋಡಿಕೊಂಡು ಹೇಗೆ ನಿದ್ದೆ ಮಾಡಲಿ ಎಂದು ತಾಯಿ ಬರೆದರೆ, ಅದು ವಿಂಗಡಣೆಯ ಮೇಜಿಗೆ ಬರುವಾಗ ‘ನಿದ್ರಾಭಂಗ ಕಡಿಮೆ ಮಾಡುವ ಕ್ರಮಗಳು’ ಎಂದಾಗುತ್ತದೆ. ಪರೀಕ್ಷಿಸಬಹುದಾದ ರೂಪಕ್ಕೆ ತರಲು ಇದು ಅನಿವಾರ್ಯ. ಆದರೆ ಅಷ್ಟರಲ್ಲಿ ತಾಯಿ ಪ್ರಶ್ನೆಯಿಂದ ಹೊರಗೆ ಹೋಗಿರುತ್ತಾಳೆ. ಇದಕ್ಕೆ ವಿರುದ್ಧವಾಗಿ, ಪಟ್ಟಿಯ ಪ್ರಶ್ನೆಗಳು ತೀರ ವಿಶಾಲವಾಗಿರುತ್ತವೆ, ಅವನ್ನು ಹಿಡಿದು ನೇರ ಪ್ರಯೋಗ ಮಾಡಲಾಗದು ಎಂಬುದು ಸಂಶೋಧಕರ ದೂರು. ಅವಧಿಗೆ ಮುಂಚಿನ ಹೆರಿಗೆಯ ಪಟ್ಟಿಯಲ್ಲಿ ಮೊದಲನೆಯದು ಅಂಥ ಹೆರಿಗೆಯನ್ನು ಮುಂಗಾಣಲು, ತಡೆಯಲು ಯಾವ ಕ್ರಮ ಸರಿ ಎಂಬುದು. ಅದರೊಳಗೆ ಇಪ್ಪತ್ತು ಪ್ರಯೋಗಗಳು ಅಡಗಿವೆ. ಆ ತಂಡ ಹತ್ತಕ್ಕೆ ನಿಲ್ಲದೆ 15 ಪ್ರಶ್ನೆಗಳನ್ನು ಪ್ರಕಟಿಸಿತು. ಹತ್ತು ಎಂಬ ಅಂಕಿಗೆ ವೈಜ್ಞಾನಿಕ ಆಧಾರವೇನಿಲ್ಲ, ಪತ್ರಿಕೆಯವರಿಗೆ ಅನುಕೂಲ ಎಂಬುದಷ್ಟೇ. ಹನ್ನೊಂದನೆಯದಾಗಿ ನಿಂತ ಪ್ರಶ್ನೆಯ ಗತಿಯನ್ನು ಯೋಚಿಸಿದರೆ ಆ ತಂಡದವರು ಮಾಡಿದ್ದೇ ಸರಿ ಎನಿಸುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ಪಟ್ಟಿಯ ನಂತರದ ಬದುಕು. ಕ್ರಿಸ್ಟೀನಾ ಸ್ಟೇಲಿ, ಟ್ರಿಶಾ ಗ್ರೀನ್‌ಹಾಲ್ ಮೊದಲಾದವರು 2020ರಲ್ಲಿ ಇದನ್ನು ಅಧ್ಯಯನ ಮಾಡಿದರು. ಪಟ್ಟಿ ಪ್ರಕಟವಾದ ಮಾತ್ರಕ್ಕೆ ಹಣ ಹರಿದುಬರುವುದಿಲ್ಲ, ಯಾರಾದರೂ ಅದನ್ನು ಹಿಡಿದುಕೊಂಡು ಅನುದಾನದ ಸಂಸ್ಥೆಗಳ ಬಾಗಿಲು ತಟ್ಟುತ್ತಲೇ ಇರಬೇಕು ಎಂಬುದು ಅಲ್ಲಿ ಕಂಡುಬಂತು. ಇಷ್ಟೆಲ್ಲ ಜನರನ್ನು ಕೇಳಿ, ಒಂದೂವರೆ ವರ್ಷ ದುಡಿದು, ಆಮೇಲೆ ಹಣವಿಲ್ಲ ಎಂದರೆ, ಕೇಳದೇ ಇದ್ದುದಕ್ಕಿಂತ ಅದು ಹೆಚ್ಚು ನೋಯಿಸಬಲ್ಲದು.

ಬೇರೆ ಪದ್ಧತಿಗಳು

ನೆದರ್ಲೆಂಡ್ಸ್‌ನಲ್ಲಿ ಅಬ್ಮಾ ಮತ್ತು ಬ್ರೂರ್ಸೆ ರೂಪಿಸಿದ ‘ಸಂವಾದ ಮಾದರಿ’ಯಲ್ಲಿ ರೋಗಿಗಳು ಮೊದಲು ತಮ್ಮತಮ್ಮಲ್ಲೇ ಸೇರಿ ಮಾತಾಡಿಕೊಂಡು, ಧೈರ್ಯ ಬಂದ ಮೇಲೆ ವೈದ್ಯರೊಂದಿಗೆ ಕೂರುತ್ತಾರೆ. ಅಮೆರಿಕದಲ್ಲಿ 2010ರ ಆರೋಗ್ಯ ಕಾಯ್ದೆಯಡಿ ರೋಗಿಕೇಂದ್ರಿತ ಸಂಶೋಧನೆಗೆಂದೇ ಹಣ ಕೊಡುವ ಸಂಸ್ಥೆಯೊಂದು ಹುಟ್ಟಿತು. ಕೇಳುವುದೂ ಕೊಡುವುದೂ ಒಂದೇ ಕಡೆ ಇರುವುದು ಅದರ ಅನುಕೂಲ. ಅಭಿವೃದ್ಧಿಶೀಲ ದೇಶಗಳಲ್ಲಿ ಹೆಚ್ಚು ಬಳಕೆಯಾದದ್ದು ಮಕ್ಕಳ ಆರೋಗ್ಯ ಮತ್ತು ಪೌಷ್ಟಿಕತೆಗಾಗಿ ರೂಪುಗೊಂಡ ‘ಸಿಎಚ್‌ಎನ್‌ಆರ್‌ಐ’ ವಿಧಾನ. ಇದರಲ್ಲಿ ತಜ್ಞರು ಪ್ರಶ್ನೆಗಳನ್ನು ಕಳಿಸಿ, ಉತ್ತರ ಸಿಗುವ ಸಾಧ್ಯತೆ, ರೋಗದ ಹೊರೆ ಇಳಿಯುವ ಪ್ರಮಾಣ, ಸಮಾನತೆ ಮುಂತಾದ ಮಾನದಂಡಗಳ ಮೇಲೆ ಅಂಕ ಕೊಡುತ್ತಾರೆ. ವಿಧಾನ ಅಗ್ಗ, ಬೇಗ ಮುಗಿಯುತ್ತದೆ. ಅಂಕ ಕೊಡುವವರು ತಜ್ಞರೇ.

ಭಾರತ

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ‘ಇನ್‌ಕ್ಲೆನ್’ ಎಂಬ ಸಂಶೋಧಕರ ಜಾಲದ ಜೊತೆಗೂಡಿ ತಾಯಿ, ಶಿಶು ಮತ್ತು ಪೌಷ್ಟಿಕತೆಯ ಆದ್ಯತೆಗಳನ್ನು ಗುರುತಿಸಿದ್ದು ಈ ಕೊನೆಯ ವಿಧಾನದಿಂದ. 2017ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ 256 ದೇಶೀಯ ಸಂಸ್ಥೆಗಳ ತಜ್ಞರು 4,000ಕ್ಕೂ ಹೆಚ್ಚು ಸಂಶೋಧನಾ ವಿಚಾರಗಳನ್ನು ಕೊಟ್ಟರು. ವ್ಯಾಪ್ತಿಯಲ್ಲಿ ಇದಕ್ಕೆ ಸಾಟಿಯಾದವು ಕಡಿಮೆ. ಬಾಣಂತಿಯರು, ಅಜ್ಜಿಯರು, ಆಶಾ ಕಾರ್ಯಕರ್ತೆಯರು ಪ್ರಶ್ನೆ ಕಳಿಸುವ ಮಾದರಿ ಮಾತ್ರ ಅದಲ್ಲ. ಪರಿಷತ್ತಿನ ಅದೇ ವರ್ಷದ ನೈತಿಕ ಮಾರ್ಗಸೂಚಿ ಸಂಶೋಧನೆಯಲ್ಲಿ ಸಮುದಾಯವನ್ನು ತೊಡಗಿಸಿಕೊಳ್ಳಬೇಕೆಂದು ಹೇಳುತ್ತದೆ.

ಸಮುದಾಯವೇ ಮುಂದಾಗಿ ಪ್ರಶ್ನೆ ಕೇಳಿದ ಕರ್ನಾಟಕದ ಉದಾಹರಣೆ ಮೈಸೂರಿನದ್ದು. ಲೈಂಗಿಕ ಕಾರ್ಯಕರ್ತೆಯರ ಸಂಘಟನೆಯಾದ ‘ಆಶೋದಯ ಸಮಿತಿ’, ಎಚ್‌ಐವಿ ತಗಲದಂತೆ ಮುಂಚಿತವಾಗಿ ಸೇವಿಸುವ ಮಾತ್ರೆ ತಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ತನ್ನ ಸದಸ್ಯೆಯರ ನಡುವೆಯೇ ಅಧ್ಯಯನ ನಡೆಸಿತು. ಮಾತ್ರೆಯ ಬಗ್ಗೆ ಆಸಕ್ತಿ ಇತ್ತು, ಜೊತೆಗೆ ತಕರಾರುಗಳೂ ಇದ್ದವು. ಡಬ್ಬಿ ನೋಡಿದವರು ಇವಳಿಗಾಗಲೇ ಎಚ್‌ಐವಿ ಇದೆ ಎಂದುಕೊಂಡರೆ? ಮಾತ್ರೆ ಇದೆಯಲ್ಲ ಎಂದು ಕಾಂಡೋಮ್ ಬಿಟ್ಟರೆ? ಹಂಚುವವರು ಯಾರು, ಸರ್ಕಾರಿ ಆಸ್ಪತ್ರೆಯವರೋ ನಮ್ಮವರೋ? ಮಾತ್ರೆ ರಕ್ತದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಪ್ರಯೋಗಾಲಯ ಆಗಲೇ ಕಂಡುಕೊಂಡಿತ್ತು, ಈ ಮೂರಕ್ಕೆ ಉತ್ತರ ಅಲ್ಲಿರಲಿಲ್ಲ. ಮುಂದೆ ಮೈಸೂರಿನಲ್ಲಿಯೂ ಕೋಲ್ಕತ್ತಾದ ಸೋನಾಗಾಚಿಯಲ್ಲಿಯೂ ಈ ಮಾತ್ರೆಯ ಪ್ರಾತ್ಯಕ್ಷಿಕೆ ಯೋಜನೆ ನಡೆದಾಗ ಅದನ್ನು ಮನೆಮನೆಗೆ ಒಯ್ದವರು ಆಯಾ ಊರಿನ ಲೈಂಗಿಕ ಕಾರ್ಯಕರ್ತೆಯರ ಸಂಘಟನೆಗಳವರೇ.